ಬಿಸಿನೀರಿನ ಗುರುತು

ಒಂಬತ್ತನೇ ತಾರೀಖು, ಮಂಗಳವಾರ
ಮಧ್ಯಾಹ್ನ. ಮನೆಯಲ್ಲಿ ನಾನೊಬ್ಬಳೇ.

ನನ್ನ ಚೂಟಿಗೆ,

ಮೊದಲು ಆಶೀರ್ವಾದ ಬರೆಯಬೇಕು. ಬರೆದಿದ್ದೇನೆ ಅಂದುಕೋ. ಈ ಲಕೋಟೆ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರೂ ಸತ್ತಿಲ್ಲ. ಫೋನಿರುವಾಗ ಈ ಮುದುಕಿಗೆ ಕಾಗದದ ಹುಚ್ಚು ಯಾಕೆ ಹತ್ತಿತು ಅಂತ ನೀನು ಗೊಣಗುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ನನ್ನ ಕಿವಿಗೆ ಫೋನು ಕೇಳಬೇಕಾದರೆ ಸ್ಪೀಕರ್ ಹಾಕಬೇಕು. ಸ್ಪೀಕರ್ ಹಾಕಿದರೆ ನಿಮ್ಮಮ್ಮ ಅಡುಗೆಮನೆಯಿಂದ, ನಿಮ್ಮಪ್ಪ ಬಚ್ಚಲಿನಿಂದ, ಪಕ್ಕದ ಮನೆಯ ಹೊಲಿಗೆಯವಳು ಅವಳ ಕಿಟಕಿಯಿಂದ, ಮೂವರೂ ನನ್ನ ಪರವಾಗಿ ಉತ್ತರ ಕೊಟ್ಟುಬಿಡುತ್ತಾರೆ. ಈಗ ಹೇಳಬೇಕಾದದ್ದು ನಿನ್ನೊಬ್ಬಳಿಗೆ.

ಮೊನ್ನೆ ಭಾನುವಾರ ನೀನು ಕೇಳಿದೆಯಲ್ಲ, “ಅಜ್ಜಿ, ಇಪ್ಪತ್ತೆರಡಕ್ಕೆ ನನ್ನ ಮುಖಕ್ಕೆ ಲೇಸರ್ ಮಾಡ್ತಾರೆ, ಅದಕ್ಕೆ ಮುಂಚೆ ಒಂದು ಫಾರಂ ತುಂಬಬೇಕು, ಮನೇಲಿ ಯಾರಿಗಾದ್ರೂ ಗಾಯ ವಾಸಿಯಾದ್ಮೇಲೆ ಆ ಜಾಗ ಉಬ್ಬಿ ಗಂಟು ಕಟ್ಟಿತ್ತಾ ಅಂತ ಕೇಳಿದಾರೆ, ಅಮ್ಮ ಇಲ್ಲ ಅಂತಾಳೆ, ನಿಂಗೇನಾದ್ರೂ ನೆನಪಿದೆಯಾ” ಅಂತ. ನಾನು ಇಲ್ಲ ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನಮ್ಮ ವಂಶದಲ್ಲೇ ಯಾರಿಗೂ ಮೊಡವೆ ಎದ್ದಿಲ್ಲ, ನೀನೇ ಮೊದಲು, ಅಂತ ಬಾಲವನ್ನೂ ಸೇರಿಸಿದೆ. ನೀನು ನಕ್ಕೆ. ಆ ನಗು ನನಗೆ ಸರಿಬರಲಿಲ್ಲ.

ಚೂಟಿ, ನಾನು ಹೇಳಿದ ಎರಡೂ ಸುಳ್ಳು. ಮೊಡವೆಯೂ ಇತ್ತು, ಗಂಟೂ ಇತ್ತು. ಎರಡೂ ಇದ್ದದ್ದು ನಿಮ್ಮಮ್ಮನಿಗೆ. ಈಗಲೇ ಪೆನ್ನು ತೆಗೆದು ಫಾರಂ ತಿದ್ದಲು ಹೋಗಬೇಡ, ಪೂರ್ತಿ ಓದು. ಓದಿದ ಮೇಲೆ ನಿನಗೆ ಏನಾದರೂ ತಿಳಿದರೆ ನನಗೂ ತಿಳಿಸು. ಎರಡು ದಿನದಿಂದ ನನ್ನ ತಲೆಯೊಳಗೆ ಯಾರೋ ದೊಡ್ಡ ಸೌಟು ಹಾಕಿ ತಿರುಗಿಸುತ್ತಿದ್ದಾರೆ.

ನೀನು ಹದಿನಾಲ್ಕರಲ್ಲಿ ಶುರು ಮಾಡಿಕೊಂಡೆ. ಮೊದಲು ಹಣೆಯ ಮೇಲೆ ಸಾಸಿವೆಯಷ್ಟು, ಆಮೇಲೆ ಎರಡೂ ಕೆನ್ನೆ ಕೆಂಪು ಕೆಂಪಾಗಿ ಬೆಂದಂತೆ. ಹೊಲಿಗೆಯವಳು ಹಲ್ಲುಜ್ಜುವ ಪೇಸ್ಟ್ ಹಚ್ಚು ಅಂದಳು, ಹಚ್ಚಿಕೊಂಡು ಬೆಳ್ಳಗೆ ಗೋಡೆಗೆ ಮೆತ್ತಿದ ಹಾಗೆ ಕೂತಿದ್ದೆ. ನಿಂಬೆರಸ ಅಂದರು, ಉರಿ ಅಂತ ಮನೆಯೆಲ್ಲ ಕುಣಿದೆ. ಮುಟ್ಟಬೇಡ ಮುಟ್ಟಬೇಡ ಅಂತ ನಾನು ನಿನ್ನ ಕೈಮೇಲೆ ಎಷ್ಟು ಹೊಡೆದಿದ್ದೇನೋ, ನನ್ನ ಅಂಗೈ ಸವೆದದ್ದೇ ಬಂತು. ಕೊನೆಗೆ ಡಾಕ್ಟರ ಮಾತ್ರೆ ಬಂತು, ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು, ನಗಬೇಕಾದರೆ ತುಟಿ ಹಿಡಿದುಕೊಂಡು ನಗುತ್ತಿದ್ದೆ. ಮೊಡವೆ ನಿಂತವು. ಹೋಗುವಾಗ ತಮ್ಮ ಜಾಗವನ್ನೆಲ್ಲ ಹಳ್ಳ ತೋಡಿ ಹೋದವು.

ಅದಾದ ಮೇಲೆ ನಿನಗೆ ಸಿಕ್ಕ ಕೆಲಸ ನೋಡು. ಕನ್ನಡಕದ ಅಂಗಡಿ. ಗೋಡೆಗೆಲ್ಲ ಕನ್ನಡಿ, ತಲೆಯ ಮೇಲೆ ಹಗಲಿಗಿಂತ ಜೋರಾದ ದೀಪ, ಬಂದವರ ಕಿವಿಗೆ ಕಡ್ಡಿ ಸಿಕ್ಕಿಸಿ ಮೂಗಿನ ಮೇಲೆ ಸರಿಯಾಗಿ ಕೂತಿತೇ ಅಂತ ಒಂದು ಗೇಣು ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು ನೋಡುವ ಕೆಲಸ. ಹೊಸ ಕನ್ನಡಕ ಹಾಕಿಕೊಂಡವರು ಸ್ಪಷ್ಟವಾಗಿ ನೋಡುವ ಮೊದಲನೇ ವಸ್ತುವೇ ನಿನ್ನ ಕೆನ್ನೆ. ಒಬ್ಬಳು ಫ್ರೇಮ್ ಆರಿಸುತ್ತ ಆರಿಸುತ್ತ “ನೀನೂ ಒಂದು ದಪ್ಪಂದು ಹಾಕ್ಕೊಳಮ್ಮ, ಅರ್ಧ ಮುಚ್ಚತ್ತೆ” ಅಂದಳಂತೆ. ಅದನ್ನು ನೀನು ನಮಗೆ ನಗುನಗುತ್ತ ಹೇಳಿದೆ, ಅವಳ ದನಿಯನ್ನೂ ಮಾಡಿ ತೋರಿಸಿದೆ. ನಿಮ್ಮಮ್ಮ ನಗಲಿಲ್ಲ. ಎದ್ದು ಹೋಗಿ ಒಣಗದ ಬಟ್ಟೆಯನ್ನೇ ಮಡಚಿ ಇಟ್ಟುಬಂದಳು. ಅವಳು ಯಾಕೆ ಎದ್ದು ಹೋದಳು ಅಂತ ನನಗೆ ಗೊತ್ತಿತ್ತು. ನಿನಗೆ ಗೊತ್ತಿರಲಿಲ್ಲ.

ಈಗ ನನ್ನ ಕಸುಬಿನ ಮಾತು ಹೇಳಬೇಕು. ನಿಮ್ಮಜ್ಜನಿಗೆ ಫೋಟೋ ಸ್ಟುಡಿಯೋ ಇತ್ತು ಅನ್ನುವುದು ನಿನಗೆ ಗೊತ್ತು. ಅಲ್ಲಿ ನಾನು ಏನು ಮಾಡುತ್ತಿದ್ದೆ ಅಂತ ನೀನು ಯಾವತ್ತೂ ಕೇಳಲಿಲ್ಲ, ಗುಡಿಸಿ ಒರೆಸುತ್ತಿದ್ದೆ ಅಂದುಕೊಂಡಿರಬೇಕು. ನಾನು ಟಚಿಂಗ್ ಮಾಡುತ್ತಿದ್ದೆ. ನಿಮ್ಮಜ್ಜ ಫೋಟೋ ಹಿಡಿಯುವುದು, ನಾನು ಅದನ್ನು ನೋಡುವ ಹಾಗೆ ಮಾಡುವುದು. ಕಿಟಕಿಯ ಪಕ್ಕ ಓರೆ ಹಲಗೆ, ಹಲಗೆಯ ನಡುವೆ ಗಾಜು, ಗಾಜಿನ ಮೇಲೆ ನೆಗೆಟಿವ್, ಅಡಿಯಲ್ಲಿ ಬೆಳಕನ್ನು ಮೇಲಕ್ಕೆ ದೂಡಲು ಒಂದು ಕನ್ನಡಿ. ಪೆನ್ಸಿಲನ್ನು ಉಪ್ಪು ಕಾಗದಕ್ಕೆ ತಿಕ್ಕಿ ತಿಕ್ಕಿ ಸೂಜಿ ಮಾಡುತ್ತಿದ್ದೆ. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು, ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ. ಮುಖದ ಮೇಲಿನ ಕಪ್ಪು ಕಲೆ, ಹಳ್ಳ, ಎಲ್ಲ ಅಲ್ಲಿ ಬಿಳಿ ಚುಕ್ಕಿ. ಆ ಚುಕ್ಕಿಯನ್ನು ಪೆನ್ಸಿಲಿನಲ್ಲಿ ಒಂದೊಂದಾಗಿ ತುಂಬಿದರೆ ಫೋಟೋದಲ್ಲಿ ಕೆನ್ನೆ ನುಣ್ಣಗೆ ಬರುತ್ತಿತ್ತು. ಉಬ್ಬಿ ಹೊಳೆಯುವ ಜಾಗವಿದ್ದರೆ ಅದು ನೆಗೆಟಿವ್‌ನಲ್ಲಿ ಕಪ್ಪು, ಅದಕ್ಕೆ ಪೆನ್ಸಿಲ್ ನಡೆಯುವುದಿಲ್ಲ, ಸಣ್ಣ ಚಾಕುವಿನಲ್ಲಿ ಉಸಿರು ಬಿಗಿಹಿಡಿದು ಗೀರಬೇಕು. ನಾಲ್ಕನೇ ಇಯತ್ತೆ ಓದಿ ಬಂದವಳು ನಾನು. ಈ ಊರಿನ ಅರ್ಧ ಜನ ತಮ್ಮ ಮಕ್ಕಳಿಗೆ ತೋರಿಸುವ ಮುಖ ನಾನು ಮಾಡಿಕೊಟ್ಟದ್ದು.

ನಿಮ್ಮಮ್ಮನ ಆಲ್ಬಮ್ ಕೂಡ ಹಾಗೇ.

ನೀನು ಹದಿನಾರರಲ್ಲಿ ಆ ಆಲ್ಬಮ್ ತೊಡೆಯ ಮೇಲಿಟ್ಟುಕೊಂಡು ಅತ್ತೆ. “ಅಮ್ಮಂಗೆ ಒಂದು ಚುಕ್ಕಿ ಇಲ್ಲ, ಅಪ್ಪಂಗಿಲ್ಲ, ನಾನು ಯಾರ ಹಾಗೆ ಹುಟ್ಟಿದೆ ಅಜ್ಜಿ” ಅಂದೆ. ನಾನು ಪಕ್ಕದಲ್ಲಿ ಬಟಾಣಿ ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ. ಆ ಫೋಟೋಗಳಲ್ಲಿ ನೀನು ನೋಡಿದ್ದು ನನ್ನ ಪೆನ್ಸಿಲ್ಲು ಕಣೇ. ನಿಮ್ಮಮ್ಮನ ಕೆನ್ನೆ ಅದರ ಅಡಿಯಲ್ಲಿತ್ತು. ಹದಿನೇಳರಿಂದ ಇಪ್ಪತ್ತೊಂದರವರೆಗೆ ಅವಳ ಮುಖ ನಿನ್ನದಕ್ಕಿಂತ ಏನೂ ಕಡಿಮೆ ಇರಲಿಲ್ಲ. ವಯಸ್ಸಾಗುತ್ತ ಹಳ್ಳಗಳು ಮೇಲೆದ್ದು ಮಾಸಿದವು, ಇನ್ನುಳಿದದ್ದನ್ನು ಅವಳ ಪೌಡರು ನೋಡಿಕೊಂಡಿತು. ಅವಳು ಪೌಡರು ಹಚ್ಚದೆ ಬಾಗಿಲು ತೆಗೆದದ್ದನ್ನು ನೀನು ನೋಡಿದ್ದೀಯಾ? ಯೋಚಿಸು.

ಇನ್ನು ಗಂಟು. ಅವಳ ಎಡಭುಜದಲ್ಲಿ, ಕತ್ತಿನ ಮೂಳೆಯ ಹತ್ತಿರ, ಎರಡು ಬೆರಳಗಲ ಜಾಗ ನುಣ್ಣಗೆ ಮಿರಮಿರ ಹೊಳೆಯುತ್ತದಲ್ಲ, ಚಿಕ್ಕವಳಿದ್ದಾಗ ನೀನು ಅದರ ಮೇಲೆ ಬೆರಳಾಡಿಸಿ ಇದೇನು ಅಂತ ಕೇಳುತ್ತಿದ್ದೆ, ಬಿಸಿನೀರು ಬಿದ್ದದ್ದು ಅಂತ ಅವಳು ಹೇಳುತ್ತಿದ್ದಳು. ಬಿಸಿನೀರು ಬಿದ್ದಿಲ್ಲ. ಅಲ್ಲಿ ಒಂದು ದೊಡ್ಡ ಮೊಡವೆ ಎದ್ದು ಒಡೆದು ವಾಸಿಯಾಯಿತು. ವಾಸಿಯಾದದ್ದು ಅಲ್ಲಿಗೇ ನಿಲ್ಲಲಿಲ್ಲ, ಮಾಂಸ ಬೆಳೆದು ಬಟಾಣಿಯಷ್ಟು ಗಟ್ಟಿ ಗಂಟಾಯಿತು. ನಿಮ್ಮಮ್ಮ ಇದನ್ನು ತೆಗೆಸಲೇಬೇಕು ಅಂತ ಹಠ ಹಿಡಿದಳು. ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೊಯ್ಸಿದೆವು. ಎರಡು ತಿಂಗಳು ಚೆನ್ನಾಗಿತ್ತು, ನಾನು ಆ ಡಾಕ್ಟರನ್ನು ಕಂಡಕಂಡವರ ಹತ್ತಿರ ಹೊಗಳಿದೆ. ಆರನೇ ತಿಂಗಳಿಗೆ ಅದೇ ಜಾಗದಲ್ಲಿ ನನ್ನ ಹೆಬ್ಬೆರಳಿನ ಗಾತ್ರದ್ದು ಎದ್ದು ಕೂತಿತ್ತು, ಕೆಂಪಗೆ, ತುರಿಕೆ ಬೇರೆ. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಅದರೊಳಕ್ಕೇ ಸೂಜಿ ಚುಚ್ಚುತ್ತಿದ್ದರು. ಒಂದೂವರೆ ವರ್ಷ. ಪ್ರತಿ ಸಲ ಅವಳು ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು, ಅವಳ ಉಗುರಿನ ಗುರುತು ಮನೆಗೆ ಬಂದ ಮೇಲೂ ಇರುತ್ತಿತ್ತು. ಗಂಟು ಇಳಿಯಿತು, ಆ ಹೊಳೆಯುವ ಚರ್ಮ ಉಳಿಯಿತು.

ಅಷ್ಟರಲ್ಲಿ ನಿಮ್ಮಪ್ಪನ ಮನೆಯವರು ಹೆಣ್ಣು ಕೇಳಿಕೊಂಡು ಬಂದರು. ನಾನು ಫೋಟೋ ಕೊಟ್ಟೆ, ಎಂಥ ಫೋಟೋ ಅಂತ ನಿನಗೆ ಈಗ ಗೊತ್ತಾಯಿತು. ಭುಜದ್ದು ಮದುವೆಯಾದ ಮೇಲೆ ಕಾಣದೆ ಇರುತ್ತದೆಯೇ, ಅದಕ್ಕೆ ಸ್ನಾನದ ನೀರು ಬಿತ್ತು ಅಂತ ಹೇಳು, ಚಿಕ್ಕಂದಿನಲ್ಲಿ ಅಂತ ಹೇಳು, ಹೆಚ್ಚು ಮಾತಾಡಬೇಡ ಅಂತ ನಾನೇ ಹೇಳಿಕೊಟ್ಟೆ. ನಿಮ್ಮಪ್ಪ ತೂಕ ಅಳತೆ ಇಲಾಖೆಯ ಮನುಷ್ಯ. ಅಂಗಡಿಯವನ ತಕ್ಕಡಿ ಎರಡು ಗ್ರಾಂ ಕಡಿಮೆ ತೂಗಿದರೆ ರಸ್ತೆಯಿಂದಲೇ ಕಂಡುಹಿಡಿಯುತ್ತಾನೆ. ಮನೆಯೊಳಗಿನದು ಇಪ್ಪತ್ತೇಳು ವರ್ಷವಾದರೂ ಅವನ ತಕ್ಕಡಿಗೆ ಸಿಕ್ಕಿಲ್ಲ. ಪಾಪ, ಒಳ್ಳೆಯವನು. ಅವನಿಗೆ ಹೇಳಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಅದೂ ನನಗೆ ಗೊತ್ತಿಲ್ಲ.

ಇಷ್ಟು ಸರಳವಾಗಿ ಬರೆದುಬಿಟ್ಟೆ. ಆದರೆ ಇದೇ ನಿಜ ಅಂತ ನಿನ್ನೆ ಬೆಳಿಗ್ಗೆ ನನಗೇ ಖಾತ್ರಿ ಇರಲಿಲ್ಲ.

ನಿನ್ನೆ ನಿಮ್ಮಪ್ಪ ಕೆಲಸಕ್ಕೆ ಹೋದ ಮೇಲೆ ನಿಮ್ಮಮ್ಮ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ನಾನು ಹತ್ತಿರ ಹೋಗಿ ಕೂತು, ಹುಡುಗಿಯ ಫಾರಂನಲ್ಲಿ ನಿನ್ನ ಗಂಟಿನ ವಿಷಯ ಬರೆಸಬೇಕಲ್ಲವೇನೇ ಅಂದೆ. ಅವಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಲಿಲ್ಲ.

“ಯಾವ ಗಂಟು?” ಅಂದಳು.

“ಭುಜದ್ದು.”

“ಅದು ಬಿಸಿನೀರು ಬಿದ್ದಿದ್ದಲ್ವಾ ಅಮ್ಮ.”

ಯಾರಿಗೆ ಹೇಳುತ್ತಿದ್ದಾಳೆ ನೋಡು. ಆ ಬಿಸಿನೀರು ಕಾಯಿಸಿದವಳೇ ನಾನು. “ಲೇ, ನಾನು ನಿಮ್ಮಮ್ಮ ಕಣೇ, ನಿನ್ನ ಗಂಡ ಅಲ್ಲ” ಅಂದೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಕಣ್ಣು ತಪ್ಪಿಸಲಿಲ್ಲ, ಸಿಟ್ಟಾಗಲಿಲ್ಲ, ತಮಾಷೆಯೂ ಇರಲಿಲ್ಲ. “ನಿಂಗೆ ಈಚೆಗೆ ಎಲ್ಲ ಕಲಸಿಹೋಗ್ತಿದೆ. ಮೊನ್ನೆ ಹಾಲಿಗೆ ಎರಡು ಸಲ ಹೆಪ್ಪು ಹಾಕಿದೆ. ಹೋಗಿ ಮಲಕ್ಕೋ” ಅಂದಳು.

ನಾನು ಹೋಗಿ ಮಲಗಿದೆ. ಮಲಗಿ ಸೂರು ನೋಡುತ್ತ ಯೋಚಿಸಿದೆ. ಹಾಲಿಗೆ ಎರಡು ಸಲ ಹೆಪ್ಪು ಹಾಕಿದ್ದು ಹೌದು. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿದ್ದೂ ಹೌದು. ಹಾಗಾದರೆ ಬಿಸಿನೀರು ನಿಜವಾಗಿಯೂ ಬಿದ್ದಿತ್ತೇ? ಬಿದ್ದಿದ್ದರೆ ಆ ಸೂಜಿ ಯಾರಿಗೆ ಚುಚ್ಚಿದರು? ಚೂಟಿ, ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ವಲ್ಪ ಹೊತ್ತಿಗೆ ನನ್ನ ಕಣ್ಣಿಗೆ ಬಿಸಿನೀರೇ ಕಾಣತೊಡಗಿತು. ಹಬೆ ಏಳುವ ಪಾತ್ರೆ, ಜಾರುವ ನೆಲ, ಕಿರುಚಿದ ಪುಟ್ಟ ಹುಡುಗಿ. ನಾನೇ ಕಟ್ಟಿದ್ದು ಇಷ್ಟು ಚೆನ್ನಾಗಿ ಕಾಣುತ್ತಿದೆ, ನಡೆದದ್ದು ಮಾತ್ರ ಮಂಜಿನಲ್ಲಿ ನಿಂತ ಹಾಗೆ. ಯಾವುದಕ್ಕೆ ಸಾಕ್ಷಿ ಕೇಳುವುದು? ನಿಮ್ಮಜ್ಜ ಇಲ್ಲ. ಆ ಡಾಕ್ಟರು ಇದ್ದಾರೋ ಇಲ್ಲವೋ.

ನಿಮ್ಮಮ್ಮ ಪಾಠ ಹೇಳಲು ಶಾಲೆಗೆ ಹೊರಟ ಮೇಲೆ ಮಂಚದಡಿಯ ಕಬ್ಬಿಣದ ಪೆಟ್ಟಿಗೆ ಎಳೆದೆ. ಸ್ಟುಡಿಯೋ ಮುಚ್ಚಿದಾಗ ಊರಿನವರ ನೆಗೆಟಿವ್‌ಗಳನ್ನೆಲ್ಲ ಅವರವರಿಗೆ ಕೊಟ್ಟೆವು, ಮನೆಯವರದು ಮಾತ್ರ ಇಟ್ಟುಕೊಂಡಿದ್ದೆ. ನಿಮ್ಮಮ್ಮನದು ಒಂದು ಸಿಕ್ಕಿತು, ಮದುವೆಗೆ ಕೊಟ್ಟದ್ದಲ್ಲ, ಅದಕ್ಕಿಂತ ಹಿಂದಿನದು, ಅಗಲ ಕತ್ತಿನ ಅಂಗಿ ಹಾಕಿಕೊಂಡು ಓರೆಯಾಗಿ ಕೂತದ್ದು. ಕಿಟಕಿಗೆ ಹಿಡಿದರೆ ಮುಖ ಎಂದಿನಂತೆ ನುಣುಪು. ಆಗ ನಾನೊಂದು ಕೆಲಸ ಮಾಡಿದೆ, ಜನ್ಮದಲ್ಲಿ ಮಾಡಿರಲಿಲ್ಲ. ನಿಮ್ಮಪ್ಪ ಬಾಗಿಲಿಗೆ ಬಣ್ಣ ಹೊಡೆದು ಉಳಿಸಿದ್ದ ಟರ್ಪೆಂಟೈನ್‌ನಲ್ಲಿ ಹತ್ತಿ ಅದ್ದಿ ನನ್ನ ಕೆಲಸವನ್ನೇ ಒರೆಸಿದೆ. ಹತ್ತಿ ಕಪ್ಪಗಾಯಿತು. ಮತ್ತೆ ಬೆಳಕಿಗೆ ಹಿಡಿದೆ. ಒಂದೊಂದಾಗಿ ಚುಕ್ಕಿಗಳು ಬಂದವು, ಕೆನ್ನೆಯ ತುಂಬ, ಗದ್ದದಲ್ಲಿ, ಹುಬ್ಬಿನ ನಡುವೆ. ನನಗೆ ನಿಮ್ಮಮ್ಮ ಕಾಣಲಿಲ್ಲ, ನೀನು ಕಂಡೆ. ಅದೇ ಜಾಗದಲ್ಲಿ ಅದೇ ಚುಕ್ಕಿ. ಪಾಪಿ, ಹೇಳಿ ಮಾಡಿಸಿದ ಹಾಗೆ ತಾಯಿಯದನ್ನೇ ತಂದುಕೊಂಡಿದ್ದೀಯ.

ಭುಜದ ಹತ್ತಿರ ಮಾತ್ರ ಏನೂ ಬರಲಿಲ್ಲ. ಅಲ್ಲಿ ನಾನು ಚಾಕುವಿನಲ್ಲಿ ಗೀರಿದ್ದೆ. ಪೆನ್ಸಿಲ್ ಒರೆಸಬಹುದು, ಗೀರಿದ್ದು ಹೋದದ್ದೇ. ಬರೀ ಗೀರುಗಳು ಉಳಿದಿವೆ. ಗೀರಿದ್ದು ಗಂಟಿಗೋ ಸುಟ್ಟ ಗುರುತಿಗೋ, ಗೀರು ನೋಡಿ ಹೇಳಲು ಬರುವುದಿಲ್ಲ. ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟೆ. ಇಷ್ಟೆಲ್ಲ ಒರೆಸಿ ಕೊನೆಗೆ ಬೇಕಾದ ಜಾಗದಲ್ಲೇ ಖಾಲಿ.

ಆಮೇಲೆ ನೆಗೆಟಿವ್ ಇದ್ದ ಕವರು ಕೈಗೆ ಬಂತು. ನಮ್ಮ ಸ್ಟುಡಿಯೋದಲ್ಲಿ ಒಂದು ಪದ್ಧತಿ. ಟಚಿಂಗ್‌ಗೆ ಕೂರುವ ಮೊದಲು ಮುಖವನ್ನು ಒಂದು ಸಲ ಪೂರ್ತಿ ನೋಡಿ, ಎಲ್ಲೆಲ್ಲಿ ಏನೇನು ತೆಗೆಯಬೇಕು ಅಂತ ಕವರಿನ ಮೇಲೆ ಬರೆದುಕೊಳ್ಳಬೇಕು, ಇಲ್ಲದಿದ್ದರೆ ನಡುವೆ ಎದ್ದು ಹೋಗಿ ಬಂದಾಗ ಎಣಿಕೆ ತಪ್ಪುತ್ತದೆ. ಆ ಕವರಿನ ಮೇಲೆ ನನ್ನದೇ ಕೋಳಿಕಾಲು ಅಕ್ಷರ. “ಎಡ ಕೆನ್ನೆ ಹನ್ನೊಂದು. ಬಲ ಕೆನ್ನೆ ಒಂಬತ್ತು. ಗದ್ದ ಮೂರು. ಹುಬ್ಬಿನ ನಡುವೆ ಎರಡು. ಭುಜ, ಗಂಟು, ಚಾಕು.” ಹೆಸರಿನ ಜಾಗದಲ್ಲಿ “ಮಗಳು” ಅಂತ ಬರೆದಿದ್ದೇನೆ. ಗಿರಾಕಿಗಳ ಹಾಗೆಯೇ. ಅದನ್ನು ಓದಿ ನನಗೆ ಸಮಾಧಾನವಾಗಬೇಕಿತ್ತು, ತಲೆ ಕೆಟ್ಟಿಲ್ಲ ಅಂತ ಗೊತ್ತಾಯಿತಲ್ಲ. ಸಮಾಧಾನವಾಗಲಿಲ್ಲ. ಯಾಕೆ ಅಂತ ಕೇಳಬೇಡ.

ಆ ಕವರನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಡಾಕ್ಟರಿಗೆ ತೋರಿಸು.

ಇಷ್ಟಾದರೂ ನಿನಗೆ ಬರೆಯುವ ಮೊದಲು ಇದು ಅಷ್ಟು ದೊಡ್ಡ ವಿಷಯವೋ ಅಲ್ಲವೋ ಅಂತ ತಿಳಿಯಬೇಕಿತ್ತು. ಇವತ್ತು ಬೆಳಿಗ್ಗೆ ಇಲ್ಲಿನ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ನನ್ನ ಹಿಮ್ಮಡಿ ಒಡೆದಿದೆ ಅಂತ ನಿಮ್ಮಮ್ಮನಿಗೆ ಹೇಳಿ ಹೊರಟೆ. ಹಿಮ್ಮಡಿ ಒಡೆದಿರುವುದೂ ನಿಜ. ಡಾಕ್ಟರಮ್ಮನಿಗೆ ನಿನ್ನಷ್ಟೇ ವಯಸ್ಸು ಇರಬೇಕು, ಮುಖ ಮಾತ್ರ ಹೊಸ ತಟ್ಟೆಯಷ್ಟು ನುಣುಪು. ಅವಳು ನನ್ನ ಕಾಲು ಹಿಡಿದು ನೋಡುತ್ತಿದ್ದಾಗ, ಗಂಟು ಕಟ್ಟುವ ಚರ್ಮ ತಾಯಿಯಿಂದ ಮಗಳಿಗೆ ಬರುತ್ತದೆಯೇ, ಮೊಡವೆ ಕಲೆಗೆ ಲೇಸರ್ ಹಾಕಿದರೆ ಏನಾಗುತ್ತದೆ ಅಂತ ಕೇಳಿದೆ.

“ಯಾರಿಗೆ ಅಜ್ಜಿ?” ಅಂದಳು.

“ನನಗೇ.”

“ಹಿಮ್ಮಡೀಲಿ ಮೊಡವೆನಾ?”

ನಾನು ಗಂಭೀರವಾಗಿ ಕೂತೆ. ಅವಳಿಗೆ ಅರ್ಥವಾಯಿತು, ಒಳ್ಳೆಯ ಹುಡುಗಿ, ಹೆಚ್ಚು ಕೆದಕಲಿಲ್ಲ. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕೆಲವು ಮನೆತನಗಳಲ್ಲಿ ಇದು ಬರುತ್ತದಂತೆ, ಎಲ್ಲರಿಗೂ ಬರುವುದಿಲ್ಲವಂತೆ. ಮುಖಕ್ಕಿಂತ ಭುಜಕ್ಕೆ, ಎದೆಗೆ, ದವಡೆಯ ಅಂಚಿಗೆ ಹೆಚ್ಚಂತೆ. ಗಂಟನ್ನು ಬರೀ ಕೊಯ್ದು ಬಿಟ್ಟರೆ ಮತ್ತೆ ಬೆಳೆಯುವುದೇ ಹೆಚ್ಚಂತೆ. ತಾಯಿಗೆ ಇದ್ದರೆ ಮಗಳಿಗೆ ಮಾಡಲೇಬಾರದು ಅಂತ ಇಲ್ಲ, ಆದರೆ ಮಾಡುವ ಡಾಕ್ಟರಿಗೆ ಮೊದಲೇ ಗೊತ್ತಿರಬೇಕು, ಗೊತ್ತಿದ್ದರೆ ಕಾಣದ ಜಾಗದಲ್ಲಿ ಸ್ವಲ್ಪ ಮಾಡಿ ಕೆಲವು ವಾರ ಕಾದು ನೋಡುತ್ತಾರೆ, ಇಲ್ಲವೇ ಬೇರೆ ದಾರಿ ಹಿಡಿಯುತ್ತಾರೆ, ಗೊತ್ತಿಲ್ಲದೆ ಮುಖಪೂರ್ತಿ ಮಾಡಿಬಿಟ್ಟರೆ ಹಳ್ಳ ಹೋಗಿ ಗುಡ್ಡ ಬಂದರೂ ಬರಬಹುದು. ಗುಡ್ಡ ಅನ್ನುವ ಮಾತು ನನ್ನದು. ನಾನು, ಹಾಗಾದರೆ ಮಾಡಿಸಬೇಕೋ ಬೇಡವೋ ಅದನ್ನು ಹೇಳು ಅಂದೆ. “ಬೇಕು ಬೇಡ ಅಂತ ಒಂದೇ ಮಾತಲ್ಲಿ ಹೇಳಕ್ಕಾಗಲ್ಲ ಅಜ್ಜಿ” ಅಂದಳು. ಅಷ್ಟು ವರ್ಷ ಓದಿ ಒಂದೇ ಮಾತಲ್ಲಿ ಹೇಳಲು ಬರದಿದ್ದರೆ ಏನು ಓದಿದಂತಾಯಿತು ಅಂತ ಬಾಯಿಗೆ ಬಂತು, ಕಾಲು ಅವಳ ಕೈಯಲ್ಲಿತ್ತು, ಸುಮ್ಮನಾದೆ. ಹಿಮ್ಮಡಿಗೆ ಮುಲಾಮು ಕೊಟ್ಟಿದ್ದಾಳೆ. ಅದು ಮಾತ್ರ ಸ್ಪಷ್ಟವಾಗಿದೆ, ದಿನಕ್ಕೆ ಎರಡು ಸಲ.

ನನಗೆ ಒಂದು ಈಗಲೂ ತಿಳಿಯುತ್ತಿಲ್ಲ. ನಿನ್ನ ಕೆನ್ನೆಯಲ್ಲಿ ಮಾಂಸ ಸಾಲದೆ ಹಳ್ಳ, ನಿಮ್ಮಮ್ಮನ ಭುಜದಲ್ಲಿ ಮಾಂಸ ಹೆಚ್ಚಾಗಿ ಗುಡ್ಡ. ಅವಳಿಗೋ ಒಂದೇ ಮೈಯಲ್ಲಿ ಎರಡೂ. ಒಂದೇ ಚರ್ಮ ಇಲ್ಲಿ ಜಿಪುಣ, ಅಲ್ಲಿ ಧಾರಾಳಿ. ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದಳು, ತಲೆಯಾಡಿಸಿದೆ, ಏನೂ ಹತ್ತಲಿಲ್ಲ. ಇನ್ನೊಂದು. ಜೀವಮಾನವೆಲ್ಲ ನಾನು ಬೆಳಕಿಗೆ ಹಿಡಿದು ಕಲೆ ತೆಗೆದೆ, ನೀವೂ ಈಗ ಬೆಳಕಿನಿಂದಲೇ ಕಲೆ ತೆಗೆಯುತ್ತೀರಂತೆ. ನಾನು ತೆಗೆದದ್ದು ಫೋಟೋದ್ದು, ತಪ್ಪಿದರೆ ಇನ್ನೊಂದು ಪ್ರತಿ ಹಾಕುತ್ತಿದ್ದೆವು. ನಿನ್ನದಕ್ಕೆ ಇನ್ನೊಂದು ಪ್ರತಿ ಎಲ್ಲಿಂದ ತರಲಿ?

ಆದ್ದರಿಂದ ಫಾರಂನಲ್ಲಿ ಹೌದು ಅಂತ ಬರೆ. ತಾಯಿಗೆ, ಭುಜದಲ್ಲಿ, ಕೊಯ್ದ ಮೇಲೆ ದೊಡ್ಡದಾಯಿತು, ಸೂಜಿಯಲ್ಲಿ ಇಳಿಯಿತು, ಇಷ್ಟನ್ನೂ ಬರೆ. ನಿಮ್ಮಮ್ಮನಿಗೆ ಹೇಳಬೇಡ. ನಿಮ್ಮಪ್ಪನಿಗಂತೂ ಬೇಡವೇ ಬೇಡ. ಅಜ್ಜಿ ಹೇಳಿದಳು ಅಂತಲೂ ಬೇಡ. ಹಾಗಾದರೆ ನಿನಗೆ ಹೇಗೆ ಗೊತ್ತಾಯಿತು ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀಯೋ, ಅದಕ್ಕೊಂದು ನಾನು ಯೋಚಿಸುತ್ತಿದ್ದೇನೆ. ಇನ್ನೂ ಹೊಳೆದಿಲ್ಲ. ಮೊದಲೆಲ್ಲ ಇಂಥದು ಥಟ್ಟನೆ ಹೊಳೆಯುತ್ತಿತ್ತು.

ನಿನ್ನ ಮುಖ ಹೇಗಿದ್ದರೂ ನನಗೆ ಚೆಂದ, ಲೇಸರ್ ಗೀಸರ್ ಬೇಡ, ಅಂತ ಬರೆದು ಮುಗಿಸೋಣ ಅಂತಿದ್ದೆ. ಎಲ್ಲ ಅಜ್ಜಿಯರೂ ಹಾಗೇ ಬರೆಯುತ್ತಾರೆ. ಬರೆದರೆ ಅದೂ ಸುಳ್ಳಾಗುತ್ತದೆ. ನೀನು ಬಂದು ಎದುರು ಕೂತರೆ ನನ್ನ ಕಣ್ಣು ಮೊದಲು ಎಣಿಸುತ್ತದೆ, ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು. ಎಣಿಸಿ ಮುಗಿದ ಮೇಲೆ ನೀನು ಕಾಣಿಸುತ್ತೀಯ. ಅಭ್ಯಾಸ ಕಣೇ, ಏನು ಮಾಡಲಿ. ನೀನು ಅದನ್ನು ಕಂಡುಕೊಂಡಿರಬೇಕು, ಅದಕ್ಕೇ ಬಂದ ಕೂಡಲೇ ನನ್ನ ಪಕ್ಕ ಕೂರುತ್ತೀಯ, ಎದುರು ಕೂರುವುದಿಲ್ಲ. ಮಾಡಿಸಿಕೋ ಅನ್ನಲೂ ನನಗೆ ಬಾಯಿ ಬರುತ್ತಿಲ್ಲ, ಬೇಡ ಅನ್ನಲೂ ಬರುತ್ತಿಲ್ಲ. ಗೊತ್ತಿದ್ದು ಮಾಡಿಸಿಕೋ, ಗೊತ್ತಿದ್ದು ಬಿಡು. ಗೊತ್ತಿಲ್ಲದೆ ಏನೂ ಬೇಡ.

ಊಟ ಸರಿಯಾಗಿ ಮಾಡು. ಬೆರಳು ಕೆನ್ನೆಗೆ ಹೋಗದಿರಲಿ. ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ.

ಪ್ರೀತಿಯಿಂದ, ಅದಕ್ಕಿಂತ ಹೆಚ್ಚು ಗಲಿಬಿಲಿಯಿಂದ,
ನಿನ್ನ ಅಜ್ಜಿ

ಬುಧವಾರ ಬೆಳಿಗ್ಗೆ ಸೇರಿಸಿದ್ದು:

ಲಕೋಟೆ ಅಂಟಿಸಿ ದಿಂಬಿನಡಿ ಇಟ್ಟಿದ್ದೆ. ಹಾಸಿಗೆ ಕೊಡವಲು ಬಂದ ನಿಮ್ಮಮ್ಮನ ಕೈಗೆ ಸಿಕ್ಕಿತು. ಮೇಲೆ ನಿನ್ನ ವಿಳಾಸ, ನನ್ನ ಅಕ್ಷರ. ಒಡೆಯಲೇ ಅಂತ ಕೇಳಿದಳು. ಬೇಡ ಅನ್ನಲು ಆಗಲಿಲ್ಲ. ಊಟದ ಮೇಜಿನ ಹತ್ತಿರ ನಿಂತುಕೊಂಡೇ ಮೊದಲಿಂದ ಕೊನೆಯವರೆಗೆ ಓದಿದಳು, ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ ಬೆರಳಿಟ್ಟು ಓದಿದಳು. ಬಿಸಿನೀರಿನ ಜಾಗಕ್ಕೆ ಬಂದಾಗ ಈಗ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಇನ್ನೊಂದು ಕಡೆ ಬೆರಳು ನಿಲ್ಲಿಸಿದಳು.

“ಇದು ತಪ್ಪು ಅಮ್ಮ. ತೆಗೆಸಲೇಬೇಕು ಅಂತ ನಾನು ಹಠ ಹಿಡೀಲಿಲ್ಲ. ನೋವಿಲ್ಲ, ಬಟ್ಟೆ ಮುಚ್ಚತ್ತೆ, ಇರ್ಲಿ ಬಿಡು ಅಂದೆ. ನೀನು ಕೇಳ್ಲಿಲ್ಲ” ಅಂದಳು.

ಅಲ್ಲ ಅನ್ನಲು ಬಾಯಿ ತೆರೆದೆ. ನನ್ನ ನೆನಪಿನಲ್ಲಿ ಅವಳು ಅಳುತ್ತ ಹಠ ಹಿಡಿದದ್ದೇ ಇದೆ, ಚೆನ್ನಾಗಿ ಇದೆ, ಎಲ್ಲೂ ಒಂದು ಚುಕ್ಕಿ ಇಲ್ಲದ ಹಾಗೆ ಇದೆ. ಅದನ್ನು ನೋಡಿ ನನಗೇ ಅನುಮಾನ ಬಂತು. ಮೇಲೆ ಬರೆದ ಆ ಸಾಲನ್ನು ಹೊಡೆದುಹಾಕಿಲ್ಲ, ಅದನ್ನೂ ಓದು, ಇದನ್ನೂ ಓದು.

ನೀನು ಫಾರಂ ತುಂಬಬೇಡವಂತೆ. ಅವಳು ಶನಿವಾರ, ಇಪ್ಪತ್ತನೇ ತಾರೀಖು ಹೊರಟು ನಿನ್ನ ಹತ್ತಿರ ಬರುತ್ತಾಳೆ. ಸೋಮವಾರ ನಿನ್ನ ಜೊತೆ ಡಾಕ್ಟರ ಹತ್ತಿರ ಬಂದು ಭುಜವನ್ನು ತಾನೇ ತೋರಿಸುತ್ತಾಳಂತೆ. ನಿಮ್ಮಪ್ಪನಿಗೆ ಏನು ಹೇಳಿ ಹೊರಡುತ್ತಾಳೋ ಗೊತ್ತಿಲ್ಲ. ಈ ಸಲ ನಾನು ಏನೂ ಹೇಳಿಕೊಟ್ಟಿಲ್ಲ.